ಮುತ್ತಜ್ಜಿ ಯಾರ ಮಗಳು? ಮನೆತನದ ಹೆಣ್ಣುಮಕ್ಕಳ ಬದುಕು ಹುಡುಕುವವರಿಗೆ ಮಾರ್ಗದರ್ಶಿ

ನಿಮ್ಮ ಮನೆಯಲ್ಲಿ ವಂಶವೃಕ್ಷ ಇದ್ದರೆ ಒಮ್ಮೆ ತೆಗೆದು ನೋಡಿ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ಬೇಕೆಂದು ನಾಡಕಚೇರಿಯಲ್ಲಿ ಮಾಡಿಸಿದ್ದು ಇರಬಹುದು. ಇಲ್ಲವೇ ದೊಡ್ಡಪ್ಪನೋ ಚಿಕ್ಕಪ್ಪನೋ ಆಸೆಪಟ್ಟು ಬರೆದಿಟ್ಟದ್ದು ಇರಬಹುದು. ಅಪ್ಪ, ತಾತ, ಮುತ್ತಾತ, ಅವರಪ್ಪ ಎಂದು ಗಂಡಸರ ಸಾಲು ಸಲೀಸಾಗಿ ಮೇಲೆ ಹೋಗುತ್ತದೆ. ಹೆಂಗಸರ ಕಡೆ ಬಂದರೆ ಬರೀ ಒಂದು ಹೆಸರು. ಗೌರಮ್ಮ. ಅಷ್ಟೇ. ಯಾವ ಊರಿನವರು, ಯಾರ ಮಗಳು, ಎಷ್ಟು ಹೆತ್ತರು, ಯಾವಾಗ ತೀರಿಕೊಂಡರು, ಒಂದೂ ಇಲ್ಲ. ಇನ್ನೊಂದು ತಲೆಮಾರು ಮೇಲೆ ಹೋದರೆ ಆ ಹೆಸರೂ ಇರುವುದಿಲ್ಲ.

ಇಲ್ಲಿಗೇ ಕೈಬಿಡುವವರು ಬಹಳ. ಕೈಬಿಡಬೇಡಿ. ಅಜ್ಜಿಯ ಗುರುತು ಎಲ್ಲೋ ಉಳಿದಿರುತ್ತದೆ, ಬೇರೆಯವರ ಹೆಸರಿನ ಕೆಳಗೆ. ಅಪ್ಪ ಮಾಡಿಟ್ಟ ದಾನಪತ್ರದಲ್ಲಿ, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ, ಗಂಡನ ಪೌತಿಯಲ್ಲಿ, ಮೈನರ್ ಮಗನ ಖಾತೆಯಲ್ಲಿ. ಹುಡುಕಾಟವನ್ನು ಗಂಡನ ಮನೆಯಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಿಸಬೇಡಿ. ತವರು ಗೊತ್ತಾದ ದಿನ ಅರ್ಧ ಕೆಲಸ ಮುಗಿಯಿತು ಅಂದುಕೊಳ್ಳಿ.

ಇಂಟರ್ನೆಟ್ಟಿನಲ್ಲಿ ಸಿಗುವ ಇಂಥ ಸಲಹೆಗಳು ಹೆಚ್ಚಾಗಿ ಇಂಗ್ಲೆಂಡ್, ಅಮೆರಿಕದವರಿಗಾಗಿ ಬರೆದವು. ಮೊದಲು ಹಳೆಯ ಜನಗಣತಿ ನೋಡಿ ಅನ್ನುತ್ತವೆ. ಅಲ್ಲಿ ಮನೆಮನೆಯ ಪಟ್ಟಿ ಉಳಿಸಿದ್ದಾರೆ. ನಮ್ಮ ಜನಗಣತಿಯಲ್ಲಿ ಉಳಿದಿರುವುದು ಒಟ್ಟು ಲೆಕ್ಕ ಮಾತ್ರ, ಯಾರ ಹೆಸರೂ ಸಿಗುವುದಿಲ್ಲ. ನಮ್ಮ ದಾರಿಯನ್ನು ನಾವೇ ಮಾಡಿಕೊಳ್ಳಬೇಕು.

ಮೊದಲು ಒಬ್ಬರನ್ನೇ ಹಿಡಿಯಿರಿ

ಎಲ್ಲ ಅಜ್ಜಿಯರನ್ನೂ ಒಟ್ಟಿಗೆ ಹುಡುಕಲು ಹೋದರೆ ತಲೆ ಕೆಡುತ್ತದೆ. ಒಬ್ಬರನ್ನು ಆರಿಸಿಕೊಳ್ಳಿ. ಅವರನ್ನು ಕಣ್ಣಾರೆ ಕಂಡವರು ಯಾರಾದರೂ ಬದುಕಿದ್ದರೆ ಒಳ್ಳೆಯದು. ಹೊಸ ನೋಟ್‌ಬುಕ್ಕಿನಲ್ಲಿ ಅವರ ಹೆಸರು ಬರೆದು, ಗೊತ್ತಿರುವುದನ್ನೆಲ್ಲ ಹಾಕಿ. ಪ್ರತಿ ಮಾತಿನ ಪಕ್ಕ ಅದು ಎಲ್ಲಿಂದ ಬಂತು ಎಂದೂ ಬರೆಯಿರಿ: ಯಾರು ಹೇಳಿದ್ದು, ಯಾವ ಕಾಗದದಲ್ಲಿ ನೋಡಿದ್ದು. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆದುಕೊಳ್ಳಿ. ಯಾವುದು ಸರಿ ಎಂದು ಆಗಲೇ ತೀರ್ಮಾನಿಸಬೇಡಿ.

ಒಬ್ಬಳಿಗೆ ಎಷ್ಟು ಹೆಸರು?

ಎಲ್ಲರೂ ಎಡವುವ ಜಾಗ ಇದು. ಉತ್ತರ ಕರ್ನಾಟಕದ ಮತ್ತು ಕರಾವಳಿಯ ಕೆಲವು ಸಮುದಾಯಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರೇ ಬದಲಾಗುತ್ತಿತ್ತು. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಿದ್ದ. ತವರಿನಲ್ಲಿ ‘ಕಾವೇರಿ’ ಆದವಳು ಗಂಡನ ಮನೆಯಲ್ಲಿ ‘ರಾಧಾಬಾಯಿ’. ತವರಿನ ಕಾಗದಗಳಲ್ಲಿ ನೀವು ರಾಧಾಬಾಯಿಯನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಮೊದಲ ಪ್ರಶ್ನೆ ಇದೇ ಇರಲಿ: ‘ತವರಿನಲ್ಲಿ ಅವರನ್ನು ಏನಂತ ಕರೀತಿದ್ರು?’

ಹೆಸರು ಬದಲಾಗದ ಕಡೆಯೂ ಗೊಂದಲ ತಪ್ಪುವುದಿಲ್ಲ. ನಾಗಮ್ಮ, ನಾಗವ್ವ, ನಾಗಕ್ಕ ಒಬ್ಬರೇ ಇರಬಹುದು. ಅತ್ತೆಯ ಹೆಸರನ್ನು ಮಗಳಿಗೆ ಇಟ್ಟರೆ ಸೊಸೆ ಆ ಹೆಸರು ಹಿಡಿದು ಕೂಗುವಂತಿರಲಿಲ್ಲ. ಆ ಮಗು ಜೀವನವಿಡೀ ‘ಪುಟ್ಟಮ್ಮ’ ಆಗಿಯೇ ಉಳಿಯುತ್ತಿತ್ತು. ಕಾಗದದಲ್ಲಿ ಮಾತ್ರ ಅಜ್ಜಿಯ ಹೆಸರು. ಅಜ್ಜಿ, ಮೊಮ್ಮಗಳು ಇಬ್ಬರಿಗೂ ಒಂದೇ ಹೆಸರು ಇದ್ದರೆ ಇಬ್ಬರ ಕಥೆ ಕಲಸಿಹೋಗುವುದು ಬಹಳ ಸುಲಭ. ‘ದೊಡ್ಡ ನಂಜಮ್ಮ’, ‘ಸಣ್ಣ ನಂಜಮ್ಮ’ ಎಂದು ನೀವೇ ಗುರುತು ಹಾಕಿಕೊಳ್ಳಿ.

ಹಳೆಯ ಕಾಗದ ಓದುವಾಗ ಎರಡು ಚಿಕ್ಕ ಪದ ಗೊತ್ತಿರಲಿ. ಹೆಸರಿನ ಮುಂದೆ ‘ಬಿನ್’ ಬಂದರೆ ಆಮೇಲಿನದು ತಂದೆಯ ಹೆಸರು. ‘ಕೋಂ’ ಬಂದರೆ ಗಂಡನ ಹೆಸರು. ‘ನಂಜಮ್ಮ ಕೋಂ ಸಿದ್ದೇಗೌಡ’ ಅಂದರೆ ಸಿದ್ದೇಗೌಡನ ಹೆಂಡತಿ ನಂಜಮ್ಮ. ಉತ್ತರದ ಕಡೆ ‘ಗಂಗವ್ವ ಗಂಡ ಬಸಪ್ಪ’ ಎಂದು ಬರೆಯುವುದೂ ಉಂಟು. ‘ಉರುಫ್’ ಎಂದು ಕಂಡರೆ ಕಣ್ಣರಳಿಸಿ ಓದಿ. ಎರಡನೇ ಹೆಸರು ಅಲ್ಲೇ ಸಿಗುತ್ತದೆ.

ಹಿರಿಯ ಹೆಂಗಸರ ಹತ್ತಿರ ಕೂತುಕೊಳ್ಳಿ

ಗಂಡಸರನ್ನು ಕೇಳಿದರೆ ಜಮೀನು, ವ್ಯಾಜ್ಯ, ಪಾಲಿನ ಕಥೆ ಹೇಳುತ್ತಾರೆ. ಅದೂ ಬೇಕು. ಅಜ್ಜಿಯ ಊರು, ಹೆರಿಗೆ, ಕಾಯಿಲೆ, ಅಕ್ಕತಂಗಿಯರ ವಿಷಯ ಗೊತ್ತಿರುವುದು ಮನೆಯ ಹೆಂಗಸರಿಗೆ. ಅದರಲ್ಲೂ ಮನೆಗೆ ಬಂದ ಸೊಸೆಯಂದಿರಿಗೆ. ಅತ್ತೆಯ ಜೊತೆ ಹತ್ತಾರು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದವರು ಅವರು. ಮಗನಿಗೆ ಹೇಳದ ಎಷ್ಟೋ ಮಾತು ಸೊಸೆಯ ಕಿವಿಗೆ ಬಿದ್ದಿರುತ್ತದೆ.

‘ಯಾವ ಇಸವಿಯಲ್ಲಿ ಹುಟ್ಟಿದ್ರು?’ ಅಂತ ಕೇಳಿದರೆ ‘ಅದೆಲ್ಲ ಯಾರಿಗೆ ಗೊತ್ತಪ್ಪ’ ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಬೇರೆ ಥರ ಕೇಳಿ. ಹಬ್ಬಕ್ಕೆ ಕರೆಯಲು ಯಾರು ಬರ್ತಿದ್ರು? ಗಾಡಿ ಯಾವ ದಾರಿಯಲ್ಲಿ ಬರ್ತಿತ್ತು? ಯಾವ ದೇವರಿಗೆ ಹರಕೆ ಹೊತ್ತುಕೊಳ್ತಿದ್ರು? ಬಾಣಂತನಕ್ಕೆ ಎಲ್ಲಿಗೆ ಹೋಗ್ತಿದ್ರು? ತೀರಿಹೋದ ಮಕ್ಕಳು ಎಷ್ಟು? ಅವರು ಮಾಡ್ತಿದ್ದ ಯಾವ ಅಡುಗೆ ಈ ಮನೆಯಲ್ಲಿ ಮೊದಲು ಇರಲಿಲ್ಲ? ಈ ಕೊನೆಯ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ರಾಗಿ ಸೀಮೆಯ ಮನೆಯಲ್ಲಿ ಒಬ್ಬರು ಮಾತ್ರ ಜೋಳದ ರೊಟ್ಟಿ ತಟ್ಟುತ್ತಿದ್ದರು ಅಂದರೆ ತವರು ಯಾವ ದಿಕ್ಕಿನಲ್ಲಿದೆ ಎಂಬ ಸುಳಿವು ಸಿಕ್ಕಿತು.

ಉತ್ತರ ಕರ್ನಾಟಕದವರಾದರೆ ಒಡಪು ಕೇಳಿ. ಗಂಡನ ಹೆಸರನ್ನು ನೇರವಾಗಿ ಹೇಳದೆ ಪ್ರಾಸದಲ್ಲಿ ಸೇರಿಸಿ ಹೇಳುವ ಸಾಲುಗಳವು. ಅಜ್ಜಿ ಹೇಳುತ್ತಿದ್ದ ಒಡಪು ಯಾರಿಗಾದರೂ ನೆನಪಿದ್ದರೆ ಅದರಲ್ಲಿ ಗಂಡನ ಹೆಸರಂತೂ ಇರುತ್ತದೆ, ಅದೃಷ್ಟವಿದ್ದರೆ ಊರೂ ಇರುತ್ತದೆ. ಅದೇ ಸೀಮೆಯಲ್ಲಿ ಹೆಳವರು ಮನೆಮನೆಗೆ ಬಂದು ವಂಶಾವಳಿ ಹೇಳುವ ಪದ್ಧತಿ ಇದೆ. ಅವರ ಹೊತ್ತಿಗೆಯಲ್ಲೂ ಗಂಡಸರ ಸಾಲೇ ಜಾಸ್ತಿ. ಆದರೂ ನಿಮ್ಮ ಮನೆತನಕ್ಕೆ ಬರುವ ಹೆಳವರು ಸಿಕ್ಕರೆ ‘ಈ ಮನೆಗೆ ಸೊಸೆ ಯಾವ ಊರಿಂದ ಬಂದಳು?’ ಎಂದು ಕೇಳದೆ ಕಳಿಸಬೇಡಿ.

ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಒಂದೇ ಸಲಕ್ಕೆ ಎಲ್ಲ ಕೇಳಬೇಡಿ. ಮೊದಲ ದಿನ ಮರೆತದ್ದು ರಾತ್ರಿ ನೆನಪಾಗುತ್ತದೆ, ಬೆಳಿಗ್ಗೆ ಅವರೇ ಕರೆದು ಹೇಳುತ್ತಾರೆ.

ಅಟ್ಟದ ಮೇಲಿನ ಪಾತ್ರೆ ಇಳಿಸಿ

ಕಾಗದಕ್ಕಿಂತ ಮೊದಲು ಹಿತ್ತಾಳೆ, ತಾಮ್ರದ ಪಾತ್ರೆ ನೋಡಿ. ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರು ಹಾಕಿಸುವ ರೂಢಿ ಇದೆ ಅಲ್ವಾ, ಅದು ವಂಶ ಹುಡುಕುವವರಿಗೆ ದೊಡ್ಡ ವರ. ಕೊಳಗ, ತಪ್ಪಲೆ, ತಂಬಿಗೆ, ಹಂಡೆ ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಾಯಿಯ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಚುಕ್ಕೆ ಚುಕ್ಕೆಯಾಗಿ ಕುಟ್ಟಿದ ಅಕ್ಷರ ನಿಧಾನವಾಗಿ ಕಾಣುತ್ತದೆ. ಮೊದಲಕ್ಷರಗಳು, ಒಂದು ಹೆಸರು, ಕೆಲವು ಸಲ ತಾರೀಕು. ಆ ಮೊದಲಕ್ಷರ ಗಂಡನ ಮನೆಯದಕ್ಕೆ ಹೊಂದದಿದ್ದರೆ ಖುಷಿಪಡಿ. ಅದು ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆ ಇರಬಹುದು. ಸೋದರಮಾವನ ಹೆಸರೋ ತಂದೆಯ ಹೆಸರೋ ಕುಟ್ಟಿಸಿರಬಹುದು. ಅಕ್ಷರದ ಮೇಲೆ ಸ್ವಲ್ಪ ಸುಣ್ಣದ ಪುಡಿ ಸವರಿ ಫೋಟೊ ತೆಗೆದರೆ ಚೆನ್ನಾಗಿ ಓದಬಹುದು.

ಮುಯ್ಯಿ ಪುಸ್ತಕ ಇದೆಯಾ ನೋಡಿ. ಮದುವೆಯಲ್ಲಿ ಯಾರು ಎಷ್ಟು ಕೊಟ್ಟರು ಎಂದು ಬರೆದಿಟ್ಟ ಉದ್ದನೆಯ ಪುಸ್ತಕ. ಅದರಲ್ಲಿ ಹೆಸರಿನ ಜೊತೆ ಊರೂ ಇರುತ್ತದೆ. ಒಂದೇ ಊರಿನಿಂದ ಏಳೆಂಟು ಮನೆಯವರು ಮುಯ್ಯಿ ಮಾಡಿದ್ದರೆ, ಆ ಊರಿನಲ್ಲಿ ನಿಮಗೆ ಗೊತ್ತಿರುವ ನೆಂಟರು ಯಾರೂ ಇಲ್ಲದಿದ್ದರೆ, ಅಜ್ಜಿಯ ತವರಿನ ಕಡೆಯವರು ಇರಬಹುದೆಂದು ಅನುಮಾನಪಡಿ. ಲಗ್ನಪತ್ರಿಕೆ, ಫೋಟೊದ ಹಿಂಬದಿ, ಹಳೆಯ ಪಂಚಾಂಗದ ಅಂಚು, ಅಂಚೆ ಕಾರ್ಡು ಯಾವುದನ್ನೂ ಬಿಡಬೇಡಿ. ಪಂಚಾಂಗದ ಅಂಚಿನಲ್ಲಿ ಮಕ್ಕಳು ಹುಟ್ಟಿದ ಹೊತ್ತು ಬರೆದಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿತ್ತು.

ತವರು ಹುಡುಕುವುದು

ಇಷ್ಟಾದ ಮೇಲೂ ತವರು ಗೊತ್ತಾಗದಿದ್ದರೆ ನನಗೆ ಅತಿ ಹೆಚ್ಚು ನಂಬಿಕೆ ಇರುವ ದಾರಿ ಇದು: ಅಜ್ಜಿಯ ಚೊಚ್ಚಲ ಮಗು ಎಲ್ಲಿ ಹುಟ್ಟಿತು ಎಂದು ಕಂಡುಹಿಡಿಯಿರಿ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆ ಗಟ್ಟಿ ರೂಢಿ. ಹಾಗಾಗಿ ದೊಡ್ಡ ಮಗ ಅಥವಾ ಮಗಳು ಹುಟ್ಟಿದ ಊರು ಅಂದರೆ ಬಹುಪಾಲು ಅಜ್ಜಿಯ ಊರು. ಆ ಮಗುವಿನ ಜಾತಕ, ಶಾಲೆಯ ದಾಖಲಾತಿ, ಸರ್ಕಾರಿ ನೌಕರಿ ಮಾಡಿದ್ದರೆ ಸೇವಾ ಪುಸ್ತಕ, ಪಾಸ್‌ಪೋರ್ಟ್ ಇದ್ದರೆ ಅದು. ಇವುಗಳಲ್ಲಿ ಜನ್ಮಸ್ಥಳ ಸಿಗಬಹುದು. ಜಾತಕ ಬರೆದವರು ಊರಿನ ಹೆಸರನ್ನೂ ತಂದೆ ತಾಯಿಯ ಹೆಸರನ್ನೂ ಬರೆಯುವುದುಂಟು.

ಎರಡನೇ ದಾರಿ ಸೋದರಮಾವ. ಮಕ್ಕಳ ಶುಭಕಾರ್ಯಗಳಲ್ಲಿ ಸೋದರಮಾವನಿಗೆ ಇಂಥದೇ ಜಾಗ ಎಂದು ಇರುತ್ತದೆ. ಅಜ್ಜಿಯ ಮಕ್ಕಳ ಮದುವೆಯ ಲಗ್ನಪತ್ರಿಕೆಯಲ್ಲಿ, ಮದುವೆ ಫೋಟೊದಲ್ಲಿ ಆತ ಸಿಗುತ್ತಾನೆ. ಆತನ ಊರೇ ಅಜ್ಜಿಯ ತವರು.

ಮೂರನೆಯದು ದೇವರು. ಗಂಡನ ಮನೆದೇವರ ಜೊತೆಗೆ ಅಜ್ಜಿ ತನ್ನ ತವರಿನ ದೇವರಿಗೂ ಕಾಣಿಕೆ ತೆಗೆದಿಡುತ್ತಿದ್ದರಾ? ಮನೆಯಲ್ಲಿ ಯಾರಿಗೂ ಸಂಬಂಧ ಗೊತ್ತಿಲ್ಲದ ಊರಮ್ಮನ ಜಾತ್ರೆಗೆ ಈಗಲೂ ಅಕ್ಕಿ ಬೆಲ್ಲ ಹೋಗುತ್ತಿದ್ದರೆ, ಆ ಪದ್ಧತಿ ಯಾರಿಂದ ಶುರುವಾಯಿತು ಎಂದು ಕೇಳಿ.

ಒಂದು ಎಚ್ಚರಿಕೆ. ನಮ್ಮಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ಮಾಮೂಲಿ. ಅಜ್ಜಿ ತನ್ನ ಗಂಡನಿಗೆ ಅಕ್ಕನ ಮಗಳೇ ಆಗಿದ್ದರೆ, ಅಜ್ಜಿಯ ಅತ್ತೆಯೂ ತಾಯಿಯ ತಾಯಿಯೂ ಒಬ್ಬರೇ. ಒಂದೇ ಹೆಸರು ಎರಡು ಕಡೆ ಬಂತೆಂದು ಒಂದನ್ನು ಅಳಿಸಬೇಡಿ. ಮರ ಬರೆಯುವಾಗ ಗೆರೆಗಳು ಅಡ್ಡ ಹಾಯುತ್ತವೆ, ಹಾಯಲಿ. ಕಂಪ್ಯೂಟರಿನ ವಂಶವೃಕ್ಷ ತಂತ್ರಾಂಶಗಳು ಇಲ್ಲಿ ಗಲಿಬಿಲಿ ಮಾಡುವುದುಂಟು. ದೊಡ್ಡ ಡ್ರಾಯಿಂಗ್ ಹಾಳೆ, ಪೆನ್ಸಿಲ್ಲು ಸಾಕು.

ತವರು ಅಣೆಕಟ್ಟಿನಲ್ಲಿ ಮುಳುಗಿದ್ದರೆ? ಕನ್ನಂಬಾಡಿ, ತುಂಗಭದ್ರಾ, ಲಿಂಗನಮಕ್ಕಿ ಸೀಮೆಯ ಎಷ್ಟೋ ಮನೆಗಳ ಕಥೆ ಇದೇ. ಊರು ಹೋಗಿದ್ದರೂ ಜನ ಎಲ್ಲೋ ಒಂದು ಕಡೆ ನೆಲೆಸಿರುತ್ತಾರೆ. ಊರೊಕ್ಕಲು ಎದ್ದು ಎಲ್ಲಿಗೆ ಹೋಯಿತೆಂದು ಸುತ್ತಲಿನ ಹಳ್ಳಿಗಳಲ್ಲಿ ಕೇಳಿ. ಭೂಸ್ವಾಧೀನದ ಪರಿಹಾರದ ಕಡತಗಳಲ್ಲಿ ಮನೆಯವರ ಹೆಸರು ಇರುತ್ತದೆ.

ತವರು ಗೊತ್ತಾದ ಮೇಲೆ ಅಲ್ಲಿಗೆ ಬರಿಗೈಯಲ್ಲಿ ಹೋಗಬೇಡಿ. ಅಜ್ಜಿಯ ಫೋಟೊ, ಹಣ್ಣು ಹೂವು ತೆಗೆದುಕೊಂಡು ಹೋಗಿ. ಈಗಿನ ಕಾಲದಲ್ಲಿ ಯಾರೋ ಬಂದು ‘ನಮ್ಮ ಮುತ್ತಜ್ಜಿ ನಿಮ್ಮ ಮನೆಯವರು’ ಅಂದರೆ ಮೊದಲು ಬರುವ ಅನುಮಾನ ಆಸ್ತಿಯ ಪಾಲಿನದು. ಆ ಮಾತು ಇಲ್ಲವೆಂದು ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ಆಮೇಲೆ ಕಾಫಿ ಬರುತ್ತದೆ, ಆಲ್ಬಮ್ಮೂ ಬರುತ್ತದೆ.

ಇಸವಿ ಹಿಡಿಯುವುದು

ಹಿರಿಯರು ಹೇಳುವ ಕಾಲ ಇಸವಿಯಲ್ಲಿ ಇರುವುದಿಲ್ಲ. ‘ರಕ್ತಾಕ್ಷಿ ಸಂವತ್ಸರ’, ‘ಪ್ಲೇಗಿನ ವರ್ಷ’, ‘ದೊಡ್ಡ ಹೊಳೆ ಬಂದಾಗ’. ಇವು ನಿಖರವಾದ ಗುರುತುಗಳೇ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ರಕ್ತಾಕ್ಷಿ ಅಂದರೆ 1924–25, ಅದಕ್ಕೆ ಮೊದಲು 1864–65, ಆಮೇಲೆ 1984–85. ಯಾವುದೆಂದು ಮಕ್ಕಳ ವಯಸ್ಸು ನೋಡಿದರೆ ಗೊತ್ತಾಗುತ್ತದೆ. ಕಾವೇರಿಗೆ ಮಹಾಪ್ರವಾಹ ಬಂದದ್ದೂ 1924ರ ಜುಲೈನಲ್ಲೇ. ಹಾಗಾಗಿ ‘ರಕ್ತಾಕ್ಷಿ’ ಮತ್ತು ‘ದೊಡ್ಡ ಹೊಳೆ’ ಎರಡೂ ಮಾತು ಬಂದರೆ ಇಸವಿ ಗಟ್ಟಿ. ಧಾತು, ಈಶ್ವರ ಸಂವತ್ಸರಗಳ ಬರ 1876–78ರದು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ, ಆಮೇಲೆ ಹಲವು ವರ್ಷ ಊರೂರಲ್ಲಿ ಮರುಕಳಿಸಿತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. 1918ರ ಇನ್‌ಫ್ಲುಯೆಂಜಾ ಜ್ವರದ ವರ್ಷ ಕಾಳಯುಕ್ತಿ. ಒಂದೇ ಮನೆಯಲ್ಲಿ ಕೆಲವೇ ದಿನಗಳಲ್ಲಿ ಇಬ್ಬರು ಮೂವರು ಹೋದರು ಎಂಬ ನೆನಪಿದ್ದರೆ ಈ ವರ್ಷಗಳನ್ನು ಮೊದಲು ನೋಡಿ.

ಮದುವೆಯ ವಯಸ್ಸಿನಿಂದ ಹುಟ್ಟಿದ ವರ್ಷ ಊಹಿಸುವಾಗ ಹುಷಾರು. ಮೈಸೂರು ಸಂಸ್ಥಾನದಲ್ಲಿ 1894ರ ಕಾನೂನು ತಡೆದದ್ದು ಮುಖ್ಯವಾಗಿ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು. ಬ್ರಿಟಿಷ್ ಪ್ರಾಂತ್ಯಗಳಲ್ಲಿ ಹೆಣ್ಣಿಗೆ 14 ವರ್ಷ ಆಗಿರಬೇಕೆಂಬ ಶಾರದಾ ಕಾಯ್ದೆ ಜಾರಿಗೆ ಬಂದದ್ದು 1930ರ ಏಪ್ರಿಲ್‌ನಲ್ಲಿ. ಅಂದರೆ ಮದುವೆ ಆದ ವರ್ಷ ಬೇರೆ, ಗಂಡನ ಮನೆಗೆ ಬಂದ ವರ್ಷ ಬೇರೆ ಇರಬಹುದು. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಸತ್ತ ತಿಥಿ ಸಾಮಾನ್ಯವಾಗಿ ಮನೆಗೆ ಗೊತ್ತಿರುತ್ತದೆ. ಶ್ರಾದ್ಧ ಮಾಡುವ ಮನೆಗಳಲ್ಲಿ ತರ್ಪಣದ ಪಟ್ಟಿ ತರಿಸಿ ನೋಡಿ. ಅದರಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಹೀಗೆ ತಂದೆಯ ಕಡೆಯ ಹೆಂಗಸರ ಹೆಸರೂ, ತಾಯಿಯ ತವರಿನ ಕಡೆಯ ಹೆಸರುಗಳೂ ಇರುತ್ತವೆ. ಮನೆಯಲ್ಲಿ ಯಾರಿಗೂ ನೆನಪಿಲ್ಲದ ಹೆಸರು ಪುರೋಹಿತರ ಪುಸ್ತಕದಲ್ಲಿ ಸಿಗಬಹುದು. ಕಾಶಿ, ಗಯಾ, ತ್ರ್ಯಂಬಕದಲ್ಲಿ ಹಿರಿಯರು ಕರ್ಮ ಮಾಡಿಸಿದ್ದರೆ ಅಲ್ಲಿನ ಪುರೋಹಿತರ ವಹಿಗಳಲ್ಲೂ ಕೇಳಬಹುದು. ಪಿತೃಪಕ್ಷದಲ್ಲಿ ಅವಿಧವಾ ನವಮಿ ಮಾಡುತ್ತಿದ್ದರು ಎಂದಾದರೆ ಆ ಮನೆಯ ಯಾರೋ ಹೆಣ್ಣುಮಗಳು ಗಂಡನಿಗಿಂತ ಮೊದಲು ತೀರಿಕೊಂಡಿದ್ದರು. ಹೂಳುವ ಪದ್ಧತಿ ಇರುವವರು ಹೊಲದ ಬದುವಿನ ಸಮಾಧಿ ಕಲ್ಲು ನೋಡಿ.

ಕಚೇರಿಯ ಕಾಗದ

ಈಗ ಅರ್ಜಿ ಹಿಡಿದು ಹೊರಡಬಹುದು. ಎಲ್ಲ ಕಚೇರಿಗೂ ಅಲೆಯುವುದು ಬೇಡ. ಯಾವ ಕಾಗದ ಏನು ಹೇಳುತ್ತದೆ ಎಂದು ತಿಳಿದು ಹೋಗಿ.

ಮೊದಲು ಕಂದಾಯ ದಾಖಲೆ. ಈಗಿನ ಪಹಣಿ ಅಥವಾ ಉತಾರದಿಂದ ಸರ್ವೆ ನಂಬರ್ ತೆಗೆದುಕೊಂಡು, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಪಹಣಿ ಮತ್ತು ಮ್ಯುಟೇಶನ್ (ಖಾತೆ ಬದಲಾವಣೆ) ರಿಜಿಸ್ಟರಿನ ನಕಲಿಗೆ ಅರ್ಜಿ ಹಾಕಿ. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ರಾಜ್ಯದಲ್ಲಿ ನಡೆಯುತ್ತಿದೆ, ನಿಮ್ಮ ತಾಲ್ಲೂಕಿನದು ಮುಗಿದಿದ್ದರೆ ಬೇಗ ಸಿಗುತ್ತದೆ. ಗಂಡ ಸತ್ತಾಗ ಖಾತೆ ಬದಲಾದ ನಮೂದನ್ನೇ ಹುಡುಕಿ. ‘ಖಾತೆದಾರರು ಮೃತರಾದ್ದರಿಂದ ಅವರ ಮೈನರ್ ಮಗನಿಗೆ ತಾಯಿ ಗಾರ್ಡಿಯನ್’ ಎಂಬ ಥರದ ಒಂದು ಸಾಲು ಸಿಕ್ಕರೆ ಎಷ್ಟು ವಿಷಯ ತಿಳಿಯುತ್ತದೆ ನೋಡಿ. ಗಂಡ ಆ ತಾರೀಕಿಗೆ ಮೊದಲೇ ತೀರಿಕೊಂಡಿದ್ದ. ಮಗ ಇನ್ನೂ ಚಿಕ್ಕವನು. ಬೇಸಾಯ, ಕಂದಾಯ, ಸಾಲ ಎಲ್ಲ ಆಕೆಯ ತಲೆಯ ಮೇಲೆ. ಎಷ್ಟು ವರ್ಷ ಹಾಗೆ ನಡೆಸಿದರು ಎಂಬುದು ಮಗನ ಹೆಸರಿಗೆ ಖಾತೆ ಆದ ಮುಂದಿನ ನಮೂದಿನಲ್ಲಿ ಸಿಗುತ್ತದೆ. ಹೆಂಗಸರ ಹೆಸರು ಕಾಗದದಲ್ಲಿ ಜಾಸ್ತಿ ಕಾಣಲು ಕಾನೂನೂ ಕಾರಣ. ಹಿಂದೂ ವಿಧವೆಯರಿಗೆ ಗಂಡನ ಆಸ್ತಿಯಲ್ಲಿ ಸ್ವಲ್ಪ ಹಕ್ಕು ಬಂದದ್ದು ಮೈಸೂರಿನಲ್ಲಿ 1933ರಲ್ಲಿ, ಬ್ರಿಟಿಷ್ ಪ್ರಾಂತ್ಯಗಳಲ್ಲಿ 1937ರಲ್ಲಿ. ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಪಾಲು ಎಂದಾದದ್ದು 1956ರ ಕಾಯ್ದೆಯಿಂದ.

ಆ ಕಾರಣಕ್ಕೇ ಉಪನೋಂದಣಿ ಕಚೇರಿಯ ಒಂದು ಕಾಗದದ ಮೇಲೆ ನಾನು ಬಹಳ ಭರವಸೆ ಇಡುತ್ತೇನೆ. ಹಕ್ಕು ಬಿಡುಗಡೆ ಪತ್ರ. ಕೆಲವು ಕಡೆ ಹಕ್ಕು ಖುಲಾಸೆ ಪತ್ರ ಅನ್ನುತ್ತಾರೆ. ಅಕ್ಕತಂಗಿಯರು ‘ನಮಗೆ ತವರಿನ ಆಸ್ತಿ ಬೇಡ’ ಎಂದು ಅಣ್ಣತಮ್ಮಂದಿರಿಗೆ ಬರೆದುಕೊಟ್ಟದ್ದು. ಇಂಥ ಪತ್ರಗಳ ಹಿಂದಿನ ನೋವು ಬೇರೆ ಮಾತು. ಹುಡುಕುವವರಿಗೆ ಮಾತ್ರ ಅದರಲ್ಲಿ ಎಲ್ಲವೂ ಇದೆ: ಪ್ರತಿ ಅಕ್ಕತಂಗಿಯ ಹೆಸರು, ವಯಸ್ಸು, ಗಂಡನ ಹೆಸರು, ಮದುವೆಯಾಗಿ ಹೋದ ಊರು. ದಾನಪತ್ರ ಇದ್ದರೆ ಅದನ್ನೂ ತೆಗೆಸಿ. ಅರಿಶಿನ ಕುಂಕುಮಕ್ಕೆಂದು ಮಗಳಿಗೆ ತುಂಡು ಜಮೀನು ಕೊಡುತ್ತಿದ್ದುದುಂಟು. ಸ್ಥಿರಾಸ್ತಿ ಪತ್ರಗಳ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲನ್ನೂ ಪಡೆಯಬಹುದು. ಉಯಿಲಿನ ನಕಲು ಬರೆದವರು ತೀರಿಕೊಂಡ ಮೇಲೆ ಸಿಗುತ್ತದೆ. ಸೂಚಿಯಲ್ಲಿ ಅಜ್ಜಿಯ ಹೆಸರೊಂದನ್ನೇ ನೋಡಿ ಬಿಟ್ಟುಬಿಡಬೇಡಿ. ಆಕೆಯ ಅಪ್ಪ, ಅಣ್ಣ, ಗಂಡ, ಮಗ ನಾಲ್ವರ ಹೆಸರಿನಲ್ಲೂ ಹುಡುಕಿಸಿ.

ಮೂಲ ಪತ್ರವೇ ಮನೆಯ ಪೆಟ್ಟಿಗೆಯಲ್ಲಿದ್ದರೆ ಹಿಂಬದಿ ತಿರುಗಿಸಿ. ನೋಂದಣಿ ಅಧಿಕಾರಿಯ ಷರಾದ ಪಕ್ಕದಲ್ಲಿ ಆಕೆಯ ಹೆಬ್ಬೆಟ್ಟು ಇರುತ್ತದೆ. ಮಸಿ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಅದರ ಸುತ್ತ ಬೇರೆಯವರ ಕೈಬರಹದಲ್ಲಿ ಆಕೆಯ ಹೆಸರು. ಎಷ್ಟೋ ಮನೆಗಳಲ್ಲಿ ಒಂದು ಫೋಟೊ ಕೂಡ ಇಲ್ಲದ ಮುತ್ತಜ್ಜಿಯ ಕೈಯ ಗುರುತು ಉಳಿದಿರುವುದು ಇಲ್ಲೊಂದೇ. ಚೆನ್ನಾಗಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕೆಳಗೆ ‘ಬಿಕ್ಕಲಂ’ ಎಂದು ಇದ್ದರೆ ಪತ್ರ ಬರೆದವನ ಹೆಸರು. ಸಾಕ್ಷಿಗಳ ಹೆಸರೂ ಬರೆದುಕೊಳ್ಳಿ, ಹೆಂಗಸರ ಪತ್ರಕ್ಕೆ ಸಾಕ್ಷಿ ಹಾಕುವವರು ತವರಿನವರೇ ಆಗಿರುವ ಸಂಭವ ಹೆಚ್ಚು.

ಮನೆಯಲ್ಲಿ ಕೋರ್ಟು ವ್ಯಾಜ್ಯ ನಡೆದಿದ್ದರೆ ಬೇಸರಪಡಬೇಡಿ. ಪಾಲಿನ ದಾವೆಯಲ್ಲಿ ವಂಶಾವಳಿಯನ್ನೇ ಬರೆದು ಕೊಡಬೇಕಾಗುತ್ತದೆ, ಅದರಲ್ಲಿ ಹೆಣ್ಣುಮಕ್ಕಳೂ ಬರುತ್ತಾರೆ. ವಿಧವೆಯರು ಜೀವನಾಂಶಕ್ಕೆ ಹಾಕಿದ ದಾವೆಯಲ್ಲಿ ಆಕೆಯದೇ ಹೇಳಿಕೆ ಇರಬಹುದು. ಗೇಣಿದಾರರ ಮನೆಯಾದರೆ ಭೂನ್ಯಾಯ ಮಂಡಳಿಯ ಕಡತ ಕೇಳಿ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿ ಜಮೀನಿನ ಹಕ್ಕು ಕೇಳಿ ಫಾರಂ 7ರಲ್ಲಿ ಡಿಕ್ಲರೇಷನ್ ಹಾಕಿದವರಲ್ಲಿ ಗಂಡ ಸತ್ತ ಹೆಂಗಸರೂ ಇದ್ದರು. ಎಷ್ಟು ವರ್ಷದಿಂದ ಆ ಗದ್ದೆ ಮಾಡುತ್ತಿದ್ದೇವೆ, ಗೇಣಿ ಎಷ್ಟು ಅಳೆದೆವು ಎಂದು ಅವರು ಕೊಟ್ಟ ಹೇಳಿಕೆ ಕಡತದಲ್ಲಿರುತ್ತದೆ. ಆಕೆಯ ಮಾತಿಗೆ ಇದಕ್ಕಿಂತ ಹತ್ತಿರದ ಕಾಗದ ಸಿಗುವುದು ಕಷ್ಟ.

ಜನನ ಮರಣ ನೋಂದಣಿಯ ಈಗಿನ ಕಾಯ್ದೆ 1969ರದು, ಜಾರಿಗೆ ಬಂದದ್ದು 1970ರಿಂದ. ಅದಕ್ಕೆ ಮೊದಲೂ ನೋಂದಣಿ ಇತ್ತು, ಆದರೆ ಎಲ್ಲ ಊರಿನದೂ ಉಳಿದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೇಳಿ. ಇಲ್ಲದಿದ್ದರೆ ‘ಲಭ್ಯವಿಲ್ಲ’ ಎಂದು ಬರೆದು ಕೊಡುತ್ತಾರೆ, ಅಷ್ಟಕ್ಕೆ ಬಿಡಿ. ಹಳೆಯ ನಮೂದಿನಲ್ಲಿ ಮಗುವಿಗೆ ಹೆಸರೇ ಇಲ್ಲದೆ ‘ಹೆಣ್ಣು’ ಎಂದು ಮಾತ್ರ ಇರಬಹುದು, ಹಾಗಾಗಿ ತಂದೆಯ ಹೆಸರು ಹಿಡಿದು ನೋಡಿ.

ಅಜ್ಜಿ ಶಾಲೆಗೆ ಹೋಗಿದ್ದರೆ ದಾಖಲಾತಿ ಪುಸ್ತಕ ನೋಡಿ. ಊರಿನ ಹಳೆಯ ಶಾಲೆಗಳಲ್ಲಿ ಇದನ್ನು ಕಾಪಾಡಿಕೊಂಡಿರುತ್ತಾರೆ. ತಂದೆಯ ಹೆಸರು, ಜಾತಿ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಅದರಲ್ಲಿನ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ನಂಬಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕಕ್ಕೆ ಹಾಕಿದ ತಾರೀಕು ಅದು.

ಕ್ರೈಸ್ತ ಮನೆತನದವರಿಗೆ ಈ ಹುಡುಕಾಟ ಸ್ವಲ್ಪ ಹಗುರ. ಇಗರ್ಜಿಯ ರಿಜಿಸ್ಟರಿನಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರೂ ಇರುತ್ತವೆ. ದೀಕ್ಷಾಸ್ನಾನದ ನಮೂದಿನಲ್ಲಿ ತಾಯಿಯ ಹೆಸರೂ ಜ್ಞಾನಮಾತೆಯ (ಗಾಡ್‌ಮದರ್) ಹೆಸರೂ ಸಿಗುತ್ತದೆ, ಜ್ಞಾನಮಾತೆ ಸಾಮಾನ್ಯವಾಗಿ ಹತ್ತಿರದ ನೆಂಟಳೇ. ಬಾಸೆಲ್ ಮಿಷನ್ ಸಭೆಯವರಾದರೆ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹ ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಸಂಗ್ರಹದ ಹಳೆಯ ಫೋಟೊಗಳನ್ನು ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ನೋಡಬಹುದು. ಮುಸ್ಲಿಂ ಮನೆಗಳಲ್ಲಿ ನಿಕಾಹ್‌ನಾಮಾ ಮತ್ತು ಜಮಾತಿನ ಪುಸ್ತಕ ಮುಖ್ಯ. ಅದರಲ್ಲಿ ವಧುವಿನ ತಂದೆಯ ಹೆಸರು, ಮೆಹರ್ ಎಷ್ಟು ಎಂಬುದು ಇರುತ್ತದೆ.

ಸೀಮೆಗೊಂದು ಥರ

1956ರ ನವೆಂಬರ್ 1ಕ್ಕೆ ಮೊದಲು ನಿಮ್ಮ ಅಜ್ಜಿಯ ಊರು ಯಾರ ಆಳ್ವಿಕೆಯಲ್ಲಿತ್ತು ಎಂದು ಮೊದಲು ನೋಡಿಕೊಳ್ಳಿ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದವು. ಉತ್ತರ ಕನ್ನಡ 1862ರವರೆಗೆ ಮದ್ರಾಸಿನದು. ಇಲ್ಲಿನ ಹಳೆಯ ಕಾಗದ ಮೋಡಿ ಲಿಪಿಯಲ್ಲಿದ್ದರೆ (ಮರಾಠಿಗೆ ಬಳಸುತ್ತಿದ್ದ ಹಳೆಯ ಕೂಡುಬರಹ) ಓದಬಲ್ಲವರನ್ನು ಹುಡುಕಬೇಕು. ಬೀದರ್, ಕಲಬುರಗಿ, ರಾಯಚೂರು ನಿಜಾಮರದು, ಹಾಗಾಗಿ ಉರ್ದು ಕಾಗದ. ದಕ್ಷಿಣ ಕನ್ನಡ ಮದ್ರಾಸಿನದು. ಬಳ್ಳಾರಿಯೂ 1953ರವರೆಗೆ ಮದ್ರಾಸಿಗೆ ಸೇರಿತ್ತು. ಮೇಲ್ಮಟ್ಟದ ಕಡತಗಳು ಮುಂಬೈ, ಹೈದರಾಬಾದ್, ಚೆನ್ನೈನ ಪತ್ರಾಗಾರಗಳಲ್ಲಿವೆ. ಮೈಸೂರು ಸಂಸ್ಥಾನದ್ದು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ.

ಕರಾವಳಿಯ ಅಳಿಯಸಂತಾನದ ಮನೆತನಗಳಲ್ಲಿ ಇಡೀ ಲೆಕ್ಕವೇ ತಿರುಗುಮುರುಗು. ಅಲ್ಲಿ ಕುಟುಂಬ ಶುರುವಾಗುವುದೇ ಒಬ್ಬ ಹೆಂಗಸಿನಿಂದ. ಆಕೆಯ ಹೆಣ್ಣುಮಕ್ಕಳ ಸಾಲಿನ ಒಂದೊಂದು ಕವಲಿಗೆ ‘ಕವರು’ ಎಂದು ಹೆಸರು. 1949ರ ಅಳಿಯಸಂತಾನ ಕಾಯ್ದೆಯ ನಂತರ ಆದ ಪಾಲುಪಟ್ಟಿಗಳಲ್ಲಿ ಈ ಕವರುಗಳನ್ನು ಬಿಡಿಸಿ ಬರೆದಿರುತ್ತಾರೆ. ಅಲ್ಲಿ ಅಜ್ಜಿಯರ ಸಾಲು ಸುಲಭವಾಗಿ ಸಿಗುತ್ತದೆ. ಹುಡುಕಬೇಕಾಗುವುದು ಆ ಅಜ್ಜಿಯ ಗಂಡ ಯಾರು, ಯಾವ ಮನೆಯವನು ಎಂಬುದನ್ನು. ಕೊಡಗಿನಲ್ಲಿ ಒಕ್ಕದ (ಮನೆತನದ) ಹೆಸರು ಹಿಡಿದರೆ ಸಾಕು, ಮದುವೆಯಾಗಿ ಬಂದ ಹೆಣ್ಣಿನ ತಾಮನೆ (ತವರು) ಯಾವ ಒಕ್ಕ ಎಂದು ಹಿರಿಯರು ಥಟ್ಟನೆ ಹೇಳುತ್ತಾರೆ.

ಹೇಳದೆ ಬಿಟ್ಟ ಮಾತು ಸಿಕ್ಕಾಗ

ಹುಡುಕುತ್ತಾ ಹೋದರೆ ಮನೆಯವರು ಮುಚ್ಚಿಟ್ಟದ್ದೂ ಸಿಗುತ್ತದೆ. ಮೊದಲ ಹೆಂಡತಿ ಬಾಣಂತನದಲ್ಲಿ ತೀರಿಕೊಂಡು ಆಕೆಯ ತಂಗಿಯನ್ನೇ ತಂದದ್ದು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ ತವರಿನ ಹಿಂಬದಿಯ ಕೋಣೆಯಲ್ಲಿ ಆಯುಸ್ಸು ಕಳೆದದ್ದು. ಕೂಡಿಕೆ, ಅಂದರೆ ಮರುಮದುವೆ ಮಾಡಿಕೊಂಡು ಹೋದದ್ದು. ದೇವಸ್ಥಾನಕ್ಕೆ ಬಿಟ್ಟದ್ದು. ಇಬ್ಬರು ಮಕ್ಕಳ ನಡುವೆ ಏಳೆಂಟು ವರ್ಷದ ಅಂತರ ಕಂಡರೆ ಇಬ್ಬರ ತಾಯಿ ಒಬ್ಬಳೇನಾ ಎಂದು ಒಮ್ಮೆ ನೋಡಿ. ದೇವದಾಸಿಯರ ಮನೆಗಳಲ್ಲಿ ಆಸ್ತಿ ಹೆಣ್ಣುಮಕ್ಕಳ ಸಾಲಿನಲ್ಲೇ ಇಳಿಯುತ್ತಿತ್ತು. ಅಲ್ಲಿನ ಕಾಗದಗಳಲ್ಲಿ ಹೆಂಗಸರ ಹೆಸರು ಅವರದೇ ಹಕ್ಕಿನಲ್ಲಿ ಇರುತ್ತದೆ.

ಇಂಥದ್ದನ್ನು ಅಳಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಕೆ ಪಟ್ಟ ಪಾಡು ಆಕೆಯ ಕಥೆಯ ಭಾಗ. ಹಾಗಂತ ಸಿಕ್ಕಿದ ದಿನವೇ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಆಕೆಯ ಮಕ್ಕಳೋ ಮೊಮ್ಮಕ್ಕಳೋ ಬದುಕಿದ್ದರೆ ಮೊದಲು ಅವರ ಹತ್ತಿರ ಕೂತು ಮಾತಾಡಿ. ಅವರು ಬೇಡ ಎಂದರೆ ನೋಟ್‌ಬುಕ್ಕಿನಲ್ಲಿ ಮಾತ್ರ ಇರಲಿ.

ಬರೆದಿಡುವುದು

ಒಂದು ವರ್ಷಕ್ಕೆ ಒಂದು ಸಾಲಿನಂತೆ ಬರೆಯಿರಿ. ಹುಟ್ಟು, ಮದುವೆ, ಗಂಡನ ಮನೆಗೆ ಬಂದದ್ದು, ಪ್ರತಿ ಹೆರಿಗೆ, ಪ್ರತಿ ಸಾವು, ಖಾತೆ ಬದಲಾದದ್ದು, ಊರು ಬಿಟ್ಟದ್ದು. ಪಕ್ಕದಲ್ಲಿ ಆಕೆಯ ಆಗಿನ ವಯಸ್ಸು ಹಾಕಿ. 23ನೇ ವಯಸ್ಸಿಗೆ ಗಂಡ ಇಲ್ಲ, ಮೂರು ಮಕ್ಕಳು, ಮೇಲೆ ಬರಗಾಲ ಎಂದು ಒಂದೇ ಕಡೆ ಕಂಡಾಗ ಬಿಡಿಬಿಡಿಯಾಗಿದ್ದ ತಾರೀಕುಗಳಿಗೆ ಅರ್ಥ ಬರುತ್ತದೆ. ಗೊತ್ತಾಗದ ಕಡೆ ಖಾಲಿ ಬಿಡಿ. ಊಹೆ ಇದ್ದರೆ ‘ಇರಬಹುದು’ ಎಂದು ಸೇರಿಸಿ.

ಆಕೆಯ ಅಕ್ಕತಂಗಿಯರನ್ನೂ ಹೆಣ್ಣುಮಕ್ಕಳನ್ನೂ ಗಂಡಸರಷ್ಟೇ ದೊಡ್ಡ ಅಕ್ಷರದಲ್ಲಿ ಮರದಲ್ಲಿ ಸೇರಿಸಿ. ಪ್ರತಿಯೊಬ್ಬರ ಹೆಸರಿನ ಕೆಳಗೆ ಎರಡು ಊರು: ಹುಟ್ಟಿದ್ದು, ಸೇರಿದ್ದು. ಹೆಬ್ಬೆಟ್ಟಿನ ಕಾಗದ, ಪಾತ್ರೆಯ ಅಕ್ಷರ, ಅಜ್ಜಿಯರ ಮಾತಿನ ರೆಕಾರ್ಡು ಇವನ್ನೆಲ್ಲ ಕನಿಷ್ಠ ಎರಡು ಕಡೆ ಉಳಿಸಿಡಿ. ಬರೆದದ್ದರ ಒಂದು ಪ್ರತಿಯನ್ನು ಮುದ್ರಿಸಿ ಆಕೆಯ ತವರು ಮನೆಗೂ ಕಳಿಸಿ. ಅಲ್ಲಿ ಓದಿದವರು ತಪ್ಪು ತಿದ್ದುತ್ತಾರೆ, ನಿಮಗೆ ಗೊತ್ತೇ ಇರದ ಇನ್ನೊಬ್ಬ ಅಕ್ಕನ ಹೆಸರು ಹೇಳಿದರೂ ಹೇಳಬಹುದು.